335 ನ್ಯಾನೋಮೀಟರ್‌ನ ಎರಡನೇ ಉಬ್ಬು: ಪಾಲಿಸ್ಟೈರೀನ್ ದ್ರಾವಣದ ಒಂದು ಪ್ರಕರಣ

ಥರ್ಮಾಕೋಲ್ ನಮಗೆಲ್ಲ ಗೊತ್ತು. ಅದು ಪಾಲಿಸ್ಟೈರೀನ್ ಎಂಬ ಪಾಲಿಮರ್. ಗಾತ್ರದಲ್ಲಿ ಬಹುಪಾಲು ಗಾಳಿ. ಇದೇ ಪಾಲಿಸ್ಟೈರೀನ್‌ನ ಶುದ್ಧ ಪುಡಿಯನ್ನು ಸೈಕ್ಲೋಹೆಕ್ಸೇನ್‌ನಲ್ಲಿ ತುಂಬ ತೆಳ್ಳಗೆ ಕರಗಿಸಿ, 260 ನ್ಯಾನೋಮೀಟರ್‌ನ ನೇರಳಾತೀತ ಬೆಳಕು ಬಿಟ್ಟರೆ ಅದು ತಾನೂ ಬೆಳಕು ಕೊಡುತ್ತದೆ. ಇದಕ್ಕೆ ಫ್ಲೋರೆಸೆನ್ಸ್ ಅನ್ನುತ್ತಾರೆ. ಆ ಬೆಳಕೂ ನೇರಳಾತೀತವೇ, ಕಣ್ಣಿಗೆ ಕಾಣುವುದಿಲ್ಲ. ಇಂಥ ಬೆಳಕನ್ನು ಅಳೆಯುವ ಫ್ಲೋರೋಮೀಟರಿನ ಪರದೆಯಲ್ಲಿ ಮಾತ್ರ ಕಾಣುತ್ತದೆ. ಅಲ್ಲಿ ಎರಡು ಉಬ್ಬುಗಳು ಮೂಡುತ್ತವೆ. 285ರ ಹತ್ತಿರ ಒಂದು ಚಿಕ್ಕ ಉಬ್ಬು. 335ರ ಹತ್ತಿರ ಇನ್ನೊಂದು. ಈ ಎರಡನೆಯದು ದೊಡ್ಡದು, ಅಗಲ, ಏರುಪೇರಿಲ್ಲದೆ ನುಣುಪು.

ಈಗ ಅದೇ ದ್ರಾವಕದಲ್ಲಿ ಪಾಲಿಸ್ಟೈರೀನ್ ಬದಲು ಒಂದು ಹನಿ ಟೊಲ್ಯೂಯೀನ್ ಹಾಕಿ ನೋಡಿ. ಟೊಲ್ಯೂಯೀನ್ ಅಂದರೆ ಬೆಂಜೀನ್ ಉಂಗುರಕ್ಕೆ ಒಂದು ಕಾರ್ಬನ್ ಬಾಲ. ಪಾಲಿಸ್ಟೈರೀನ್‌ನಲ್ಲಿ ಇರುವುದೂ ಇದೇ ಬೆಂಜೀನ್ ಉಂಗುರ, ಉದ್ದನೆಯ ಸರಪಳಿಗೆ ಒಂದು ಕಾರ್ಬನ್ ಬಿಟ್ಟು ಒಂದಕ್ಕೆ ಅಂಟಿಕೊಂಡಿರುತ್ತದೆ. ಬೆಳಕನ್ನು ಹೀರುವುದು ಎರಡರಲ್ಲೂ ಉಂಗುರವೇ. ಹೀರುವ ತರಂಗಾಂತರವೂ ಹೆಚ್ಚು ಕಡಿಮೆ ಒಂದೇ. ಆದರೆ ತೆಳು ಟೊಲ್ಯೂಯೀನ್ ದ್ರಾವಣದಲ್ಲಿ 285ರ ಉಬ್ಬು ಮಾತ್ರ ಬರುತ್ತದೆ. 335ರಲ್ಲಿ ಏನೂ ಇಲ್ಲ.

ಹಾಗಾದರೆ ಪಾಲಿಮರ್‌ನ ಆ ಎರಡನೇ ಉಬ್ಬು ಎಲ್ಲಿಂದ ಬಂತು? ಪ್ರಕರಣ ಇಷ್ಟೇ. ಹಳೆಯದು, ಉತ್ತರವೂ ಸಿಕ್ಕಿದೆ. ಆದರೂ ಇದನ್ನು ಪೂರ್ತಿ ಬಿಡಿಸಿ ಬರೆಯಬೇಕು ಅನ್ನಿಸಿದ್ದಕ್ಕೆ ಕಾರಣ ಇದೆ. ಉತ್ತರ ಗೊತ್ತಿದ್ದವರೂ ಅದನ್ನು ತಮ್ಮ ಪುಟ್ಟ ಅಳತೆ ಪಾತ್ರೆಯಲ್ಲಿ, ಅಂದರೆ ಕುವೆಟ್‌ನಲ್ಲಿ ಸಾಬೀತು ಮಾಡಲು ಹೋದಾಗ ಅಳತೆಯೇ ಅವರನ್ನು ದಾರಿ ತಪ್ಪಿಸಬಹುದು. ಅದು ಎಲ್ಲಿ, ಹೇಗೆ ಅನ್ನುವುದು ಈ ಪ್ರಕರಣದ ನಿಜವಾದ ಪಾಠ.

ಮೊದಲು ಅಳತೆ ಸರಿ ಇದೆಯಾ?

ಫ್ಲೋರೆಸೆನ್ಸ್‌ನಲ್ಲಿ ಹೊಸ ಉಬ್ಬು ಕಂಡರೆ ಮೊದಲ ಅನುಮಾನ ಕುವೆಟ್, ದ್ರಾವಕ ಮತ್ತು ಕಲ್ಮಶದ ಮೇಲೆ ಹೋಗಬೇಕು. ಅಣುವಿನ ಸರದಿ ಆಮೇಲೆ.

ಕುವೆಟ್ ಕ್ವಾರ್ಟ್ಜ್‌ನದೇ ಆಗಿರಬೇಕು, ನಾಲ್ಕೂ ಮುಖ ಪಾಲಿಶ್ ಆಗಿರಬೇಕು. ಸಾಮಾನ್ಯ ಗಾಜು 260 ನ್ಯಾನೋಮೀಟರ್ ಬೆಳಕನ್ನು ಒಳಗೇ ಬಿಡುವುದಿಲ್ಲ. ಬಳಸಿ ಎಸೆಯುವ ಪ್ಲಾಸ್ಟಿಕ್ ಕುವೆಟ್‌ಗಳ ಮಾತಂತೂ ಬೇಡ. ಅವುಗಳಲ್ಲಿ ಎಷ್ಟೋ ಪಾಲಿಸ್ಟೈರೀನ್‌ನಿಂದಲೇ ಮಾಡಿದವು. ಸೈಕ್ಲೋಹೆಕ್ಸೇನ್ ಹಾಕಿದರೆ ಗೋಡೆಯೇ ಕರಗಿ ದ್ರಾವಣಕ್ಕೆ ಸೇರುತ್ತದೆ.

ದ್ರಾವಕದ ಆಯ್ಕೆಯೂ ಸುಲಭವಲ್ಲ. ಪಾಲಿಸ್ಟೈರೀನ್‌ಗೆ ಟೊಲ್ಯೂಯೀನ್ ಒಳ್ಳೆಯ ದ್ರಾವಕ, ಆದರೆ ಅದೇ 285ರಲ್ಲಿ ಬೆಳಗುತ್ತದೆ, ಹಾಗಾಗಿ ಬೇಡ. ಕ್ಲೋರೋಫಾರ್ಮ್ ಉಂಗುರದ ಬೆಳಕನ್ನು ಆರಿಸಿಬಿಡುತ್ತದೆ. ಟೆಟ್ರಾಹೈಡ್ರೋಫ್ಯೂರಾನ್ ಆಗಬಹುದು, ಆದರೆ ಬಾಟಲಿಯಲ್ಲಿ ಪೆರಾಕ್ಸೈಡ್ ಆಗದಿರಲಿ ಎಂದು ಹಾಕುವ ಬಿ.ಎಚ್.ಟಿ. ಕೂಡ ಒಂದು ಅರೋಮ್ಯಾಟಿಕ್ ಅಣು, ಅಂದರೆ ಬೆಂಜೀನ್ ಉಂಗುರ ಇರುವಂಥದ್ದು. ಅದೂ 280ರ ಸುತ್ತ ಬೆಳಕು ಹೀರುತ್ತದೆ. ಸ್ಪೆಕ್ಟ್ರೋಸ್ಕೋಪಿ ದರ್ಜೆಯ ಸೈಕ್ಲೋಹೆಕ್ಸೇನ್ ಈ ತೊಂದರೆಗಳಿಂದ ದೂರ. ಅದಕ್ಕೂ ಒಂದು ಷರತ್ತಿದೆ. ಪಾಲಿಸ್ಟೈರೀನ್‌ಗೆ ಸೈಕ್ಲೋಹೆಕ್ಸೇನ್ 34.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಥೀಟಾ ದ್ರಾವಕ, ಅಂದರೆ ಪಾಲಿಮರ್ ಕರಗುವುದಕ್ಕೂ ಕರಗದಿರುವುದಕ್ಕೂ ಗಡಿಯಂಥದ್ದು. ಅದಕ್ಕಿಂತ ತಣ್ಣಗಾದಷ್ಟೂ ಉದ್ದ ಸರಪಳಿಗಳು ಮುದುಡಿ, ಕೊನೆಗೆ ದ್ರಾವಣದಿಂದ ಹೊರಬೀಳಲು ನೋಡುತ್ತವೆ. ಎ.ಸಿ. ಹಾಕಿದ ಕೋಣೆಯಲ್ಲಿ ದೊಡ್ಡ ಅಣುತೂಕದ ಮಾದರಿ ಸಣ್ಣಗೆ ಮಂಜಾಗಬಹುದು. ಕುವೆಟ್ ಇಡುವ ಜಾಗವನ್ನು 40 ಡಿಗ್ರಿಯಲ್ಲಿ ಇಟ್ಟುಕೊಂಡರೆ ಈ ಚಿಂತೆ ಇಲ್ಲ.

ಇನ್ನು ಕಲ್ಮಶ. ಥರ್ಮಾಕೋಲ್ ತುಂಡನ್ನೇ ಕರಗಿಸಿ ಅಳೆಯುವ ಆಸೆ ಬೇಡ. ಅದರಲ್ಲಿ ಬೆಂಕಿ ತಡೆಯಲು ಹಾಕಿದ ಬ್ರೋಮಿನ್ ಸಂಯುಕ್ತಗಳು ಇರಬಹುದು, ಬ್ರೋಮಿನ್ ಬೆಳಕನ್ನು ಆರಿಸುತ್ತದೆ. ಶುದ್ಧ ಎಂದು ಕೊಂಡ ಮಾದರಿಯಲ್ಲೂ ಪಾಲಿಮರ್ ಆಗದೆ ಉಳಿದ ಸ್ಟೈರೀನ್ ಸ್ವಲ್ಪ ಇರುತ್ತದೆ. ಸ್ಟೈರೀನ್ 250ರ ಆಸುಪಾಸಿನಲ್ಲಿ ಪಾಲಿಮರ್‌ನ ಉಂಗುರಕ್ಕಿಂತ ಹಲವಾರು ಪಟ್ಟು ಜೋರಾಗಿ ಬೆಳಕು ಹೀರುತ್ತದೆ, ತಾನೂ ಬೆಳಗುತ್ತದೆ. ಅದಕ್ಕೆ ಮಾದರಿಯನ್ನು ಕರಗಿಸಿ, ಮೆಥನಾಲ್‌ಗೆ ಹನಿಹನಿಯಾಗಿ ಬಿಡಬೇಕು. ಪಾಲಿಮರ್ ಬಿಳಿ ಎಳೆಯಾಗಿ ಹೊರಬರುತ್ತದೆ, ಸ್ಟೈರೀನ್ ಮೆಥನಾಲ್‌ನಲ್ಲೇ ಉಳಿಯುತ್ತದೆ. ಒಂದೆರಡು ಸಲ ಹೀಗೆ ಮಾಡಿ ಒಣಗಿಸಿದರೆ ಸಾಕು.

ಕಲ್ಮಶ ಪೂರ್ತಿ ಹೋಯಿತೋ ಇಲ್ಲವೋ ಅನ್ನುವುದಕ್ಕೆ ಒಂದು ಒಳ್ಳೆಯ ಪರೀಕ್ಷೆ ಇದೆ. ಹೊರಬರುವ ಬೆಳಕನ್ನು 335ಕ್ಕೆ ನಿಲ್ಲಿಸಿ, ಒಳಗೆ ಬಿಡುವ ಬೆಳಕಿನ ತರಂಗಾಂತರವನ್ನು ಬದಲಿಸುತ್ತ ಹೋಗಿ. ಇದಕ್ಕೆ ಎಕ್ಸೈಟೇಶನ್ ಸ್ಪೆಕ್ಟ್ರಮ್ ಅನ್ನುತ್ತಾರೆ. ಆಮೇಲೆ ಅದನ್ನೇ 285ಕ್ಕೆ ನಿಲ್ಲಿಸಿ ಮಾಡಿ. ಎರಡೂ ಒಂದರ ಮೇಲೊಂದು ಕೂತರೆ, ಎರಡೂ ಉಬ್ಬುಗಳಿಗೆ ಬೆಳಕು ಹೀರಿ ಕೊಟ್ಟದ್ದು ಒಂದೇ ಉಂಗುರ. 335ರದ್ದು 280ರ ಆಚೆಗೂ ಬಾಲ ಚಾಚಿಕೊಂಡಿದ್ದರೆ ಅಲ್ಲಿ ಬೇರೆ ಏನೋ ಇದೆ. ಬಿಸಿಲಿಗೆ, ಗಾಳಿಗೆ ಹಳತಾದ ಪಾಲಿಸ್ಟೈರೀನ್‌ನಲ್ಲಿ ಇಂಥ ಬಾಲ ಕಾಣುತ್ತದೆ. ಶುದ್ಧ ಮಾದರಿಯಲ್ಲಿ ಎರಡೂ ಹೊಂದಿಕೊಳ್ಳುತ್ತವೆ. ಅಂದರೆ ಎರಡನೇ ಉಬ್ಬು ಕಸದ್ದಲ್ಲ, ಉಂಗುರದ್ದೇ.

ದ್ರಾವಕದ ಬೆಳಕು ನುಸುಳುವ ಜಾಗ

ಇಲ್ಲಿ ಸ್ವಲ್ಪ ನಿಲ್ಲಬೇಕು. ಪ್ರಕರಣ ಅಡ್ಡದಾರಿ ಹಿಡಿಯುವುದು ಇಲ್ಲೇ.

ಯಾವ ದ್ರವಕ್ಕೆ ಬೆಳಕು ಬಿಟ್ಟರೂ ಅದರಲ್ಲಿ ಸಣ್ಣ ಪಾಲು ಬಣ್ಣ ಬದಲಿಸಿ ಚದುರುತ್ತದೆ. ಇದು ರಾಮನ್ ಪರಿಣಾಮ. ಸೈಕ್ಲೋಹೆಕ್ಸೇನ್‌ನಲ್ಲಿ ಕಾರ್ಬನ್-ಹೈಡ್ರೋಜನ್ ಬಂಧಗಳು ಕಂಪಿಸುವುದರಿಂದ, ಒಳಹೋದ ಬೆಳಕಿಗಿಂತ ಸೆಂಟಿಮೀಟರಿಗೆ ಸುಮಾರು 2,900 ಅಲೆಗಳಷ್ಟು ಕಡಿಮೆಯಾಗಿ ಹೊರಬರುತ್ತದೆ. 260 ನ್ಯಾನೋಮೀಟರ್ ಅಂದರೆ ಸೆಂಟಿಮೀಟರಿಗೆ ಸುಮಾರು 38,460 ಅಲೆ. ಅದರಲ್ಲಿ 2,900 ಕಳೆದರೆ 35,560. ಮತ್ತೆ ನ್ಯಾನೋಮೀಟರಿಗೆ ತಿರುಗಿಸಿದರೆ 281. ನಮ್ಮ ಉಂಗುರದ ಉಬ್ಬು ಇರುವುದು 285ರಲ್ಲಿ! ಅಂದರೆ ದ್ರಾವಕದ ರಾಮನ್ ಗೆರೆ ಸರಿಯಾಗಿ ಮೊದಲ ಉಬ್ಬಿನ ಹೆಗಲ ಮೇಲೆ ಬಂದು ಕೂರುತ್ತದೆ.

ಇದರಿಂದ ಏನಾಗುತ್ತದೆ? ದ್ರಾವಣ ಗಟ್ಟಿಯಿದ್ದಾಗ ಹೆಚ್ಚೇನೂ ಇಲ್ಲ. ಫ್ಲೋರೆಸೆನ್ಸ್ ಜೋರಾಗಿರುತ್ತದೆ, ರಾಮನ್ ಗೆರೆ ಅದರಲ್ಲಿ ಮುಳುಗಿಹೋಗುತ್ತದೆ. ದ್ರಾವಣವನ್ನು ತೆಳು ಮಾಡುತ್ತ ಹೋದ ಹಾಗೆ ಫ್ಲೋರೆಸೆನ್ಸ್ ಕುಗ್ಗುತ್ತದೆ. ಆದರೆ ದ್ರಾವಕ ಅಷ್ಟೇ ಇದೆ, ರಾಮನ್ ಗೆರೆಯೂ ಅಷ್ಟೇ ಇರುತ್ತದೆ. 335ರ ಉಬ್ಬು ಇಳಿಯುತ್ತದೆ, 285ರ ಸುತ್ತ ಮಾತ್ರ ಅಷ್ಟಾಗಿ ಇಳಿದ ಹಾಗೆ ಕಾಣುವುದಿಲ್ಲ. 335ರದ್ದನ್ನು 285ರದ್ದರಿಂದ ಭಾಗಿಸಿ ಅನುಪಾತ ತೆಗೆದರೆ, ತೆಳುವಾದಷ್ಟೂ ಎರಡನೇ ಉಬ್ಬು ಮಾಯವಾಗುತ್ತಿದೆ ಅನ್ನಿಸುತ್ತದೆ. ಅದನ್ನು ನಂಬಿದರೆ, ಬೇರೆ ಬೇರೆ ಸರಪಳಿಗಳು ಒಂದಕ್ಕೊಂದು ತಾಗಿದಾಗ ಮಾತ್ರ 335ರ ಬೆಳಕು ಬರುತ್ತದೆ ಎಂಬ ತೀರ್ಮಾನಕ್ಕೆ ಬರುತ್ತೇವೆ. ಅದು ಸಂಪೂರ್ಣ ತಪ್ಪು ತೀರ್ಮಾನ.

ಇನ್ನೊಂದು ತುದಿಯಲ್ಲೂ ಇದೇ ಕಥೆ. ದ್ರಾವಣ ತುಂಬ ಗಟ್ಟಿಯಾದರೆ 285ರ ಉಬ್ಬಿನ ಎಡ ಅಂಚನ್ನು ಪಾಲಿಮರ್ ತಾನೇ ಮತ್ತೆ ಹೀರಿಕೊಳ್ಳುತ್ತದೆ. 335ರಲ್ಲಿ ಹೀರುವವರು ಯಾರೂ ಇಲ್ಲ. ಹಾಗಾಗಿ ಅಲ್ಲೂ ಅನುಪಾತ ಮೇಲೇರಿದಂತೆ ತೋರುತ್ತದೆ. ಎರಡು ಬೇರೆ ಬೇರೆ ದೋಷಗಳು, ಎರಡೂ ಒಂದೇ ದಿಕ್ಕಿಗೆ ತಳ್ಳುತ್ತವೆ. ಗ್ರಾಫ್ ನೋಡಿದರೆ ಚಂದದ ಏರುಗೆರೆ! ಅದು ಪಾಲಿಮರ್‌ನ ಗುಣವೇ ಅಲ್ಲ.

ಪರಿಹಾರ ಕಷ್ಟದ್ದೇನಲ್ಲ. ಬರಿ ಸೈಕ್ಲೋಹೆಕ್ಸೇನ್‌ನ ಸ್ಪೆಕ್ಟ್ರಮ್ ಅದೇ ಸೆಟ್ಟಿಂಗ್‌ನಲ್ಲಿ ತೆಗೆದು ಕಳೆಯಬೇಕು. ಅನುಮಾನ ಇದ್ದರೆ 260ರ ಬದಲು 250ರ ಬೆಳಕು ಬಿಡಿ. ರಾಮನ್ ಗೆರೆ 281ರಿಂದ 270ಕ್ಕೆ ಜರುಗುತ್ತದೆ, ಏಕೆಂದರೆ ಅದು ಒಳಹೋದ ಬೆಳಕಿನ ಹಿಂದೆಯೇ ಹೋಗುವಂಥದ್ದು. ಫ್ಲೋರೆಸೆನ್ಸ್ ಜರುಗುವುದಿಲ್ಲ. ಯಾವುದು ಯಾವುದು ಎಂದು ಅಲ್ಲೇ ಬೇರೆಯಾಗುತ್ತದೆ.

ಈ ಎರಡನ್ನು ಬೇರ್ಪಡಿಸುವ ಕೆಲಸ ನಮ್ಮ ದೇಶದ ವಿಜ್ಞಾನದ ಚರಿತ್ರೆಯಲ್ಲಿ ಒಮ್ಮೆ ಉಲ್ಟಾ ದಿಕ್ಕಿನಿಂದ ನಡೆದಿದೆ. 1923ರಲ್ಲಿ ಕಲ್ಕತ್ತದಲ್ಲಿ ಸಿ.ವಿ. ರಾಮನ್ ಅವರ ವಿದ್ಯಾರ್ಥಿ ಕೆ.ಆರ್. ರಾಮನಾಥನ್ ಅವರಿಗೆ ದ್ರವದಲ್ಲಿ ಚದುರಿದ ಬೆಳಕಿನ ಜೊತೆ ಬಣ್ಣ ಬದಲಾದ ಮಂದ ಬೆಳಕೊಂದು ಕಂಡಿತು. ಕಲ್ಮಶದಿಂದ ಬಂದ ದುರ್ಬಲ ಫ್ಲೋರೆಸೆನ್ಸ್ ಇರಬೇಕು ಎಂದುಕೊಂಡರು. ದ್ರವವನ್ನು ಮತ್ತೆ ಮತ್ತೆ ಶುದ್ಧ ಮಾಡಿದರೂ ಅದು ಹೋಗಲಿಲ್ಲ. ಆ ಬೆಳಕು ಧ್ರುವೀಕರಣಗೊಂಡಿರುವುದು (ಅಲೆಗಳು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಕಂಪಿಸುವುದು) ಸ್ಪಷ್ಟವಾದ ಮೇಲೆ, ಇದು ಫ್ಲೋರೆಸೆನ್ಸ್ ಅಲ್ಲವೇ ಅಲ್ಲ ಎಂಬುದು ಗಟ್ಟಿಯಾಯಿತು. 1928ರ ಫೆಬ್ರುವರಿ 28 ಅಂದರೆ ಎಲ್ಲರಿಗೂ ಗೊತ್ತಿರುವ ದಿನ, ರಾಮನ್ ಪರಿಣಾಮ ಕಂಡ ದಿನ. 1933ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು, ಕೊನೆಯವರೆಗೂ ಬೆಂಗಳೂರಿನಲ್ಲೇ ಇದ್ದರು. ಅವರಿಗೆ ಫ್ಲೋರೆಸೆನ್ಸ್ ಅಡ್ಡ ಬರುತ್ತಿತ್ತು. ನಮ್ಮ ಪ್ರಕರಣದಲ್ಲಿ ಅವರ ಗೆರೆ ಅಡ್ಡ ಬರುತ್ತದೆ. ಧ್ರುವೀಕರಣದ ಉಪಾಯ ಇಂದಿಗೂ ಕೆಲಸಕ್ಕೆ ಬರುತ್ತದೆ.

ತೆಳು ಮಾಡಿದರೂ ಬದಲಾಗದ ಅನುಪಾತ

ದ್ರಾವಕದ ಪಾಲು ಸರಿಯಾಗಿ ಕಳೆದ ಮೇಲೆ ನಿಜವಾದ ಪರೀಕ್ಷೆ.

ಇದಕ್ಕೆ ಹಿನ್ನೆಲೆ ನಾಲ್ಕು ಉಂಗುರ ಬೆಸೆದ ಅಣುವಾದ ಪೈರೀನ್‌ನದು. 1954ರಲ್ಲಿ ಜರ್ಮನಿಯ ಥಿಯೋಡೋರ್ ಫೋರ್‌ಸ್ಟರ್ ಮತ್ತು ಕಾಸ್ಪರ್ ಪೈರೀನ್ ದ್ರಾವಣದಲ್ಲಿ ಒಂದು ವಿಷಯ ತೋರಿಸಿದರು. ತೆಳುವಾಗಿದ್ದಾಗ ಅದು ನೇರಳೆ ಬೆಳಕು ಕೊಡುತ್ತದೆ. ಗಟ್ಟಿ ಮಾಡಿದರೆ ನೀಲಿಗೆ ತಿರುಗುತ್ತದೆ, 480ರ ಹತ್ತಿರ ಅಗಲವಾದ ಹೊಸ ಉಬ್ಬು ಬರುತ್ತದೆ. ಆದರೆ ಬೆಳಕು ಹೀರುವ ಸ್ಪೆಕ್ಟ್ರಮ್ ಬದಲಾಗುವುದೇ ಇಲ್ಲ. ಅಂದರೆ ಮೊದಲೇ ಜೋಡಿಯಾಗಿ ಕೂತ ಅಣುಗಳಲ್ಲ ಇವು. ಬೆಳಕು ಹೀರಿದ ಒಂದು ಅಣು, ಹೀರದ ಇನ್ನೊಂದನ್ನು ಸಂಧಿಸಿ, ಆ ಕ್ಷಣಕ್ಕೆ ಮಾತ್ರ ಜೋಡಿಯಾಗುತ್ತದೆ. ಬೆಳಕು ಬಿಟ್ಟ ಕೂಡಲೇ ಎರಡೂ ದೂರ ತಳ್ಳಿಕೊಳ್ಳುತ್ತವೆ. ಈ ಕ್ಷಣಿಕ ಜೋಡಿಗೆ ಎಕ್ಸೈಮರ್ ಎಂದು ಹೆಸರು. ಬೆಳಕು ಬಿಟ್ಟ ಮೇಲೆ ಜೋಡಿ ಬಂದು ನಿಲ್ಲುವುದಕ್ಕೆ ಸ್ಥಿರವಾದ ಮಟ್ಟವೇ ಇಲ್ಲದ್ದರಿಂದ ಅದರ ಉಬ್ಬಿನಲ್ಲಿ ಸಣ್ಣ ಸಣ್ಣ ಏರಿಳಿತ ಇರುವುದಿಲ್ಲ. ಅಗಲ, ನುಣುಪು. ನಮ್ಮ 335ರ ಉಬ್ಬಿನ ರೂಪವೂ ಇದೇ ಅಲ್ವಾ?

ರೂಪ ಹೊಂದುತ್ತದೆ. ಆದರೆ ಪೈರೀನ್‌ನಲ್ಲಿ ಸಾಂದ್ರತೆ ಇಳಿಸಿದರೆ ಎಕ್ಸೈಮರ್ ಹೋಗುತ್ತದೆ. ಪಾಲಿಸ್ಟೈರೀನ್‌ನಲ್ಲಿ?

ಲೆಕ್ಕ ಹಾಕೋಣ. 260ರಲ್ಲಿ ಒಂದು ಉಂಗುರದ ಮೋಲಾರ್ ಹೀರುವಿಕೆ ಸುಮಾರು 200. ಒಂದು ಸೆಂಟಿಮೀಟರ್ ಕುವೆಟ್‌ನಲ್ಲಿ ಅಬ್ಸಾರ್ಬೆನ್ಸ್ (ದ್ರಾವಣ ಬೆಳಕು ಹೀರುವ ಅಳತೆ) 0.1 ಇರಬೇಕಾದರೆ ಉಂಗುರಗಳ ಸಾಂದ್ರತೆ ಲೀಟರಿಗೆ 0.0005 ಮೋಲ್. ಒಂದು ಸ್ಟೈರೀನ್ ಘಟಕದ ತೂಕ 104. ಅಂದರೆ 100 ಮಿಲಿಲೀಟರ್ ದ್ರಾವಕಕ್ಕೆ ಸುಮಾರು 5 ಮಿಲಿಗ್ರಾಂ ಪಾಲಿಸ್ಟೈರೀನ್. ಉಗುರಿನ ತುದಿಯಲ್ಲಿ ನಿಲ್ಲುವಷ್ಟು. ಇದೇ ಸಾಂದ್ರತೆಯಲ್ಲಿ ಬಿಡಿ ಟೊಲ್ಯೂಯೀನ್ ಅಣುಗಳು ಇದ್ದರೆ, ಒಂದು ಅಣು ಇನ್ನೊಂದನ್ನು ಸಂಧಿಸಲು ಸೈಕ್ಲೋಹೆಕ್ಸೇನ್‌ನಲ್ಲಿ ಸರಾಸರಿ 280 ನ್ಯಾನೋಸೆಕೆಂಡ್ ಬೇಕು. ಆದರೆ ಗಾಳಿ ತೆಗೆದ ಸೈಕ್ಲೋಹೆಕ್ಸೇನ್‌ನಲ್ಲೂ ಟೊಲ್ಯೂಯೀನ್‌ನ ಉತ್ತೇಜಿತ ಸ್ಥಿತಿ ಉಳಿಯುವುದು ಸುಮಾರು 34 ನ್ಯಾನೋಸೆಕೆಂಡ್. ಸಂಧಿಸುವ ಮೊದಲೇ ಬಹುಪಾಲು ಆರಿಹೋಗುತ್ತವೆ. ಸಂಧಿಸಿದವೂ ಬಿಗಿಯಾಗಿ ಜೋಡಿಯಾಗುವುದಿಲ್ಲ, ಬೇಗ ಬಿಟ್ಟುಕೊಳ್ಳುತ್ತವೆ. ಟೊಲ್ಯೂಯೀನ್‌ನಲ್ಲಿ ಎರಡನೇ ಉಬ್ಬು ಕಾಣದಿರುವುದು ಇದಕ್ಕೇ.

ಪಾಲಿಸ್ಟೈರೀನ್‌ನಲ್ಲಿ 5 ಮಿಲಿಗ್ರಾಂ ಇರಲಿ, ಅರ್ಧ ಮಿಲಿಗ್ರಾಂ ಇರಲಿ, ಎರಡು ಉಬ್ಬುಗಳ ಅನುಪಾತ ಅಲ್ಲಾಡುವುದಿಲ್ಲ. ವಠಾರದ ಮನೆಗಳ ಹಾಗೆ: ಊರಿನಲ್ಲಿ ಎಷ್ಟೇ ಜಾಗ ಖಾಲಿ ಇರಲಿ, ಪಕ್ಕದ ಮನೆ ಮಾತ್ರ ಪಕ್ಕದಲ್ಲೇ ಇರುತ್ತದೆ. ದ್ರಾವಣ ತೆಳುವಾದರೆ ಸರಪಳಿಗಳು ಒಂದರಿಂದೊಂದು ದೂರ ಹೋಗುತ್ತವೆ. ಒಂದೇ ಸರಪಳಿಯ ಉಂಗುರಗಳು ದೂರ ಹೋಗಲು ಸಾಧ್ಯವಿಲ್ಲ. ಹಾಗಾಗಿ 335ರ ಬೆಳಕು ಸರಪಳಿಯ ಒಳಗಿನದೇ.

ಅನುಪಾತ ಬದಲಾಗುವುದು ಸರಪಳಿಗಳು ಒಂದರೊಳಗೊಂದು ಹೆಣೆದುಕೊಳ್ಳಲು ಶುರುವಾದಾಗ. ಒಂದು ಲಕ್ಷ ಅಣುತೂಕದ ಮಾದರಿಗೆ ಅದು ಲೀಟರಿಗೆ ಹತ್ತಾರು ಗ್ರಾಂ ಆದಾಗಿನ ಮಾತು. ನಾವು ಅಳೆಯುತ್ತಿರುವುದು ಅದಕ್ಕಿಂತ ನೂರಾರು ಪಟ್ಟು ತೆಳುವಾದ ದ್ರಾವಣದಲ್ಲಿ.

ಯಾವ ನೆರೆ?

ಸರಪಳಿಯ ಒಳಗೆ ಅಂದರೆ ಸಾಲದು. ಪಕ್ಕದ ಉಂಗುರವೇ, ಅಥವಾ ಸರಪಳಿ ತಿರುಗಿ ಬಂದು ತಾಗಿದ ದೂರದ ಉಂಗುರವೇ?

1963ರಲ್ಲಿ ಯನಾರಿ, ಬೋವಿ ಮತ್ತು ಲಮ್ರಿ ಅವರು ‘ನೇಚರ್’ ಪತ್ರಿಕೆಯಲ್ಲಿ ಸ್ಟೈರೀನ್‌ನ ಪಾಲಿಮರ್ ಮತ್ತು (ಎರಡು ಬಗೆಯ ಘಟಕ ಬೆರೆತ) ಕೋಪಾಲಿಮರ್‌ಗಳ ಫ್ಲೋರೆಸೆನ್ಸ್ ಬಗ್ಗೆ ಬರೆದರು. 1965ರಲ್ಲಿ ಹಿರಾಯಾಮಾ ಅವರ ಕೆಲಸ ಬಂತು. ಉಪಾಯ ಸರಳ, ಅಷ್ಟೇ ಚುರುಕು. ಪಾಲಿಮರ್ ಬಿಟ್ಟು, ಎರಡೇ ಉಂಗುರ ಇರುವ ಸಣ್ಣ ಅಣುಗಳನ್ನು ತೆಗೆದುಕೊಂಡರು. ಎರಡು ಉಂಗುರಗಳ ನಡುವೆ ಒಂದು ಕಾರ್ಬನ್, ಎರಡು ಕಾರ್ಬನ್, ಮೂರು, ನಾಲ್ಕು, ಹೀಗೆ. ಎಲ್ಲವೂ 285ರಲ್ಲಿ ಬೆಳಗಿದವು. ಎಕ್ಸೈಮರ್‌ನ ಉಬ್ಬು ಕೊಟ್ಟದ್ದು ನಡುವೆ ಮೂರು ಕಾರ್ಬನ್ ಇದ್ದದ್ದು ಮಾತ್ರ. ಮೂರು ಇದ್ದಾಗ ಬಂಧಗಳು ತಿರುಗಿ ಎರಡು ಉಂಗುರಗಳು ಮುಖಾಮುಖಿಯಾಗಿ, ಒಂದರ ಮೇಲೊಂದು ತಟ್ಟೆ ಇಟ್ಟಂತೆ ಸುಮಾರು 3.5 ಆಂಗ್‌ಸ್ಟ್ರಾಮ್ ದೂರಕ್ಕೆ ಬರಬಲ್ಲವು. ಎರಡು ಕಾರ್ಬನ್‌ಗೆ ಆ ಬಾಗು ಸಾಲದು. ನಾಲ್ಕಾದರೆ ಆ ಭಂಗಿಗೆ ಬರಲು ಬಂಧಗಳು ತುಂಬ ಅಸಹಜವಾಗಿ ತಿರುಗಬೇಕಾಗುತ್ತದೆ.

ಪಾಲಿಸ್ಟೈರೀನ್‌ನಲ್ಲಿ ಪಕ್ಕಪಕ್ಕದ ಉಂಗುರಗಳ ನಡುವೆ ಎಷ್ಟು ಕಾರ್ಬನ್? ಒಂದು ಉಂಗುರ ಅಂಟಿರುವ ಕಾರ್ಬನ್, ನಡುವಿನ ಒಂದು, ಮುಂದಿನ ಉಂಗುರ ಅಂಟಿರುವ ಇನ್ನೊಂದು. ಸರಿಯಾಗಿ ಮೂರು.

ಇದು ಗಟ್ಟಿ ಸಾಕ್ಷಿ, ಆದರೂ ನನಗೆ ಕೋಪಾಲಿಮರ್‌ನ ಸಾಕ್ಷಿ ಇನ್ನೂ ಇಷ್ಟ. ಸ್ಟೈರೀನ್ ಜೊತೆಗೆ ಮೀಥೈಲ್ ಮೆಥಾಕ್ರಿಲೇಟ್ ಬೆರೆಸಿ ಪಾಲಿಮರ್ ಮಾಡುತ್ತಾರೆ. ಮೆಥಾಕ್ರಿಲೇಟ್‌ಗೆ ಬೆಂಜೀನ್ ಉಂಗುರ ಇಲ್ಲ. ಅದರ ಪಾಲು ಹೆಚ್ಚಾದಷ್ಟೂ ಸರಪಳಿಯಲ್ಲಿ ಉಂಗುರದ ಪಕ್ಕದಲ್ಲೇ ಉಂಗುರ ಇರುವ ಜಾಗಗಳು ಕಡಿಮೆಯಾಗುತ್ತವೆ. ಆಗ 335ರ ಉಬ್ಬು ಇಳಿಯುತ್ತದೆ, 285ರದ್ದು ಏಳುತ್ತದೆ. ಸರಪಳಿ ಮೊದಲಿನಷ್ಟೇ ಉದ್ದ, ತಿರುಗಿ ತನ್ನನ್ನೇ ತಾಗುವ ಅವಕಾಶವೂ ಹಾಗೇ ಇದೆ. ಪಕ್ಕದ ನೆರೆ ತಪ್ಪಿದ್ದೇ ವ್ಯತ್ಯಾಸ.

ಸರಪಳಿಯಲ್ಲಿ ಉಂಗುರಗಳು ಯಾವ ಬದಿಗೆ ಇವೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಎಲ್ಲ ಉಂಗುರಗಳೂ ಒಂದೇ ಬದಿಗೆ ಇರುವ ಐಸೋಟ್ಯಾಕ್ಟಿಕ್ ಪಾಲಿಸ್ಟೈರೀನ್‌ನಲ್ಲಿ ಎಕ್ಸೈಮರ್ ಬೆಳಕು ಉಂಗುರಗಳು ಕ್ರಮವಿಲ್ಲದೆ ಎರಡೂ ಬದಿಗೆ ಇರುವ ಸಾಮಾನ್ಯ ಅಟ್ಯಾಕ್ಟಿಕ್ ಮಾದರಿಗಿಂತ ಜಾಸ್ತಿ. ಒಂದೇ ಬದಿಯ ಎರಡು ಉಂಗುರ ಮುಖಾಮುಖಿಯಾಗಲು ಸುಲಭ ಅನ್ನುವುದು ಕಾರಣ. ಹಾಗೆಯೇ, ಗಾಜಿನಂತೆ ಗಟ್ಟಿಯಾಗುವ ದ್ರಾವಕದಲ್ಲಿ ಕರಗಿಸಿ ದ್ರವ ನೈಟ್ರೋಜನ್‌ನ 77 ಕೆಲ್ವಿನ್‌ಗೆ ಇಳಿಸಿದರೆ ಎರಡನೇ ಉಬ್ಬು ಬಹುಮಟ್ಟಿಗೆ ಇಲ್ಲವಾಗುತ್ತದೆ. ಬಂಧಗಳು ತಿರುಗದಿದ್ದರೆ ಜೋಡಿ ಇಲ್ಲ.

ಶಕ್ತಿ ಜಿಗಿಯುತ್ತದೆಯೇ?

ಇಲ್ಲಿಯವರೆಗೆ ಎಲ್ಲ ಹೊಂದಿಕೊಂಡಿತು. ಒಂದು ಪ್ರಶ್ನೆ ಮಾತ್ರ ಚುಚ್ಚುತ್ತಲೇ ಇರುತ್ತದೆ. ಯಾವುದೇ ಕ್ಷಣದಲ್ಲಿ ಸರಿಯಾದ ಭಂಗಿಯಲ್ಲಿ ಮುಖಾಮುಖಿಯಾಗಿರುವ ಉಂಗುರ ಜೋಡಿಗಳು ಸರಪಳಿಯಲ್ಲಿ ತೀರಾ ಕಡಿಮೆ. ಹಾಗಿದ್ದೂ ಬೆಳಕಿನ ಬಹುಪಾಲು 335ರಲ್ಲೇ ಬರುತ್ತದೆ. ಒಂಟಿ ಉಂಗುರದ 285ರ ಬೆಳಕು ಸುಮಾರು ಒಂದು ನ್ಯಾನೋಸೆಕೆಂಡಿನಲ್ಲಿ ಆರುತ್ತದೆ. ಟೊಲ್ಯೂಯೀನ್‌ನಲ್ಲಿ ಅದೇ ಬೆಳಕಿಗೆ 34 ನ್ಯಾನೋಸೆಕೆಂಡ್ ಇತ್ತು. ಇಷ್ಟು ಬೇಗ ಶಕ್ತಿ ಜೋಡಿಗೆ ಹೇಗೆ ತಲುಪುತ್ತದೆ?

ಒಂದು ಉತ್ತರ: ಬಂಧಗಳು ತಿರುಗುವುದೇ ಅಷ್ಟು ವೇಗ. ಇನ್ನೊಂದು ಉತ್ತರ: ಶಕ್ತಿ ಒಂದು ಉಂಗುರದಿಂದ ಪಕ್ಕದ್ದಕ್ಕೆ ಜಿಗಿಯುತ್ತ ಸರಪಳಿಯ ಮೇಲೆ ಓಡಾಡುತ್ತದೆ. ಸರಿಯಾದ ಜೋಡಿ ಸಿಕ್ಕ ಕಡೆ ಸಿಕ್ಕಿಬೀಳುತ್ತದೆ. ಎಕ್ಸೈಮರ್‌ನ ಶಕ್ತಿ ಕಡಿಮೆ ಆದ್ದರಿಂದ ಅಲ್ಲಿಂದ ಮತ್ತೆ ಹೊರಗೆ ಜಿಗಿಯುವುದು ಕಷ್ಟ.

ಈ ಎರಡರ ನಡುವೆ ವರ್ಷಗಟ್ಟಲೆ ವಾದ ನಡೆದಿದೆ. ಇದರಲ್ಲಿ ನನಗೆ ಹೆಚ್ಚು ತೂಕದ್ದು ಅನ್ನಿಸುವುದು ಜಪಾನಿನ ಇಟಗಾಕಿ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಕೆಲಸ. ಅವರು ಎರಡು ಉಂಗುರದಿಂದ ಹದಿಮೂರು ಉಂಗುರದವರೆಗಿನ ಗಿಡ್ಡ ಸ್ಟೈರೀನ್ ಸರಪಳಿಗಳನ್ನು ಅಳೆದರು. ಪಕ್ಕದ ಜೋಡಿ ಮಾತ್ರ ಮುಖ್ಯವಾಗಿದ್ದರೆ, ಎರಡು ಉಂಗುರದ ಅಣುವಿಗೂ ಉದ್ದ ಸರಪಳಿಗೂ ಹೆಚ್ಚು ವ್ಯತ್ಯಾಸ ಇರಬಾರದು. ಆದರೆ ಸರಪಳಿ ಉದ್ದವಾದಂತೆ ಎಕ್ಸೈಮರ್‌ನ ಪಾಲು ಏರುತ್ತದೆ. ಶಕ್ತಿಗೆ ಓಡಾಡಲು ಜಾಗ ಸಿಕ್ಕಷ್ಟೂ ಜೋಡಿ ಸಿಗುವ ಅವಕಾಶ ಹೆಚ್ಚು ಎಂದು ಓದಿದರೆ ಇದು ಸಹಜವಾಗಿ ಕೂರುತ್ತದೆ. ನನ್ನ ಮಟ್ಟಿಗೆ ಎರಡೂ ನಡೆಯುತ್ತವೆ. ಶಕ್ತಿ ಜಿಗಿಯುತ್ತದೆ, ಅಷ್ಟರಲ್ಲಿ ಬಂಧಗಳೂ ತಿರುಗುತ್ತಿರುತ್ತವೆ. ಬೆಳಕು ಆರುವ ಗೆರೆ ಒಂದೇ ಘಾತೀಯ ಗೆರೆಗೆ ಹೊಂದದೆ, ಎರಡು ಮೂರನ್ನು ಕೂಡಿಸಬೇಕಾಗಿ ಬರುವುದೂ ಇದಕ್ಕೆ ತಕ್ಕಂತೆಯೇ ಇದೆ.

ಈ ಓಡಾಟ ಬರೀ ಕುತೂಹಲದ ವಿಷಯವಲ್ಲ. ಕಣಗಳು ಹಾದಾಗ ಮಿನುಗುವ ಪ್ಲಾಸ್ಟಿಕ್ ಸಿಂಟಿಲೇಟರ್‌ಗಳು ಕೆಲಸ ಮಾಡುವುದು ಇಂಥದ್ದರಿಂದಲೇ. ಪಾಲಿಸ್ಟೈರೀನ್ ಅಥವಾ ಪಾಲಿವೈನೈಲ್ ಟೊಲ್ಯೂಯೀನ್‌ನಲ್ಲಿ ಪ್ಯಾರಾ-ಟರ್ಫಿನೈಲ್‌ನಂಥ ಇನ್ನೊಂದು ಅಣುವನ್ನು ಸ್ವಲ್ಪ ಬೆರೆಸುತ್ತಾರೆ. ಕಣವೊಂದು ಹಾದುಹೋದಾಗ ಶಕ್ತಿ ಮೊದಲು ಪಾಲಿಮರ್‌ನ ಉಂಗುರಗಳಿಗೆ ಸಿಗುತ್ತದೆ, ಅಲ್ಲಿಂದ ಬೆರೆಸಿದ ಅಣುವಿಗೆ ಹೋಗಿ, ಬೆಳಕಾಗಿ ಹೊರಬರುತ್ತದೆ. ನಮ್ಮ ಕೋಲಾರ ಚಿನ್ನದ ಗಣಿಯ ಆಳದಲ್ಲಿ 1965ರಲ್ಲಿ ವಾತಾವರಣದ ನ್ಯೂಟ್ರಿನೋಗಳನ್ನು ಹಿಡಿದ ಪ್ರಯೋಗದಲ್ಲೂ ಪ್ಲಾಸ್ಟಿಕ್ ಸಿಂಟಿಲೇಟರ್‌ಗಳಿದ್ದವು. ನೆಲದಿಂದ ಎರಡು ಕಿಲೋಮೀಟರಿಗೂ ಕೆಳಗೆ, ಅರೋಮ್ಯಾಟಿಕ್ ಉಂಗುರಗಳ ಬೆಳಕನ್ನು ವಿಜ್ಞಾನಿಗಳು ಕಾಯುತ್ತ ಕೂತಿದ್ದರು.

ಗಾಳಿಯ ವಿಷಯ

ಪ್ರಕರಣದ ಕೊನೆಯ ತೊಡಕು ಆಮ್ಲಜನಕ. ಇದನ್ನು ಬಿಟ್ಟರೆ ಒಬ್ಬರ ಅನುಪಾತ ಇನ್ನೊಬ್ಬರದಕ್ಕೆ ಹೊಂದುವುದೇ ಇಲ್ಲ.

ಗಾಳಿಗೆ ತೆರೆದಿಟ್ಟ ಸೈಕ್ಲೋಹೆಕ್ಸೇನ್‌ನಲ್ಲಿ ಲೀಟರಿಗೆ ಸುಮಾರು 2 ಮಿಲಿಮೋಲ್ ಆಮ್ಲಜನಕ ಕರಗಿರುತ್ತದೆ. ಉತ್ತೇಜಿತ ಉಂಗುರಕ್ಕೆ ಅದು ತಾಗಿದರೆ ಬೆಳಕು ಆರುತ್ತದೆ. ತಾಗಲು ಸಮಯ ಬೇಕು. ಒಂಟಿ ಉಂಗುರ ಒಂದು ನ್ಯಾನೋಸೆಕೆಂಡ್ ಮಾತ್ರ ಉಳಿಯುವುದರಿಂದ ಆಮ್ಲಜನಕಕ್ಕೆ ಸಿಗುವುದೇ ಕಡಿಮೆ. ಎಕ್ಸೈಮರ್ 20 ನ್ಯಾನೋಸೆಕೆಂಡ್‌ನಷ್ಟು ಉಳಿಯುತ್ತದೆ, ಅದು ಸುಲಭವಾಗಿ ಸಿಗುತ್ತದೆ. ಲೆಕ್ಕ ಹಾಕಿದರೆ 285ರ ಉಬ್ಬು ನೂರಕ್ಕೆ ಐದರಷ್ಟು ಕುಗ್ಗಿದರೆ, 335ರದ್ದು ಮೂರರಲ್ಲೊಂದು ಭಾಗದಿಂದ ಅರ್ಧದವರೆಗೂ ಕುಗ್ಗಬಹುದು. ಅದೇ ಪಾಲಿಮರ್, ಅದೇ ದ್ರಾವಕ, ಅದೇ ಯಂತ್ರ. ಮುಚ್ಚಳ ತೆರೆದಿತ್ತೋ ಇಲ್ಲವೋ ಅನ್ನುವುದರಿಂದ ಅನುಪಾತವೇ ಬದಲು.

ನೈಟ್ರೋಜನ್ ಅಥವಾ ಆರ್ಗಾನ್ ಗುಳ್ಳೆ ಬಿಟ್ಟು ಆಮ್ಲಜನಕ ತೆಗೆಯುತ್ತಾರೆ. ಆದರೆ ಸೈಕ್ಲೋಹೆಕ್ಸೇನ್ 81 ಡಿಗ್ರಿಗೇ ಕುದಿಯುವ ದ್ರವ, 40 ಡಿಗ್ರಿಯಲ್ಲಿ ಗುಳ್ಳೆಯ ಜೊತೆ ತಾನೂ ಹಾರಿಹೋಗುತ್ತದೆ. ಅನಿಲವನ್ನು ಮೊದಲು ಇನ್ನೊಂದು ಬಾಟಲಿಯ ಸೈಕ್ಲೋಹೆಕ್ಸೇನ್ ಮೂಲಕ ಹಾಯಿಸಿ, ಆಮೇಲೆ ಕುವೆಟ್‌ಗೆ ಬಿಟ್ಟರೆ ಮಟ್ಟ ಇಳಿಯುವುದಿಲ್ಲ. ಗುಳ್ಳೆ ಬಿಡುತ್ತಲೇ 335ರ ತೀವ್ರತೆ ನೋಡುತ್ತಿರಿ. ಅದು ಏರಿ ಏರಿ ಒಂದು ಮಟ್ಟದಲ್ಲಿ ನಿಂತ ಮೇಲೆ ಅಳೆಯಿರಿ. ಇನ್ನೂ ನಿಖರ ಬೇಕಾದವರು ದ್ರಾವಣವನ್ನು ಹೆಪ್ಪುಗಟ್ಟಿಸಿ, ಪಂಪಿನಿಂದ ಗಾಳಿ ಎಳೆದು, ಕರಗಿಸಿ, ಮತ್ತೆ ಹೆಪ್ಪುಗಟ್ಟಿಸುವ ವಿಧಾನಕ್ಕೆ ಹೋಗುತ್ತಾರೆ.

ಹಾಗಾಗಿ ಪಾಲಿಸ್ಟೈರೀನ್‌ನ ಎಕ್ಸೈಮರ್ ಅನುಪಾತ ಎಂದು ಒಂದು ಸಂಖ್ಯೆ ಬರೆದರೆ, ಅದರ ಪಕ್ಕದಲ್ಲೇ ದ್ರಾವಕ, ಉಷ್ಣತೆ, ಅಣುತೂಕ, ಆಮ್ಲಜನಕ ತೆಗೆದದ್ದು ಹೇಗೆ, ಬರಿ ದ್ರಾವಕವನ್ನು ಕಳೆದಿದ್ದೀರಾ ಅನ್ನುವುದನ್ನೂ ಬರೆಯಬೇಕು. ಬೇರೆ ಅರೋಮ್ಯಾಟಿಕ್ ಪಾಲಿಮರ್‌ಗಳಿಗೂ ಇದೇ ಕ್ರಮ. ಪಾಲಿವೈನೈಲ್ ನ್ಯಾಫ್ತಲೀನ್‌ನಲ್ಲಿ ಎಕ್ಸೈಮರ್ 400ರ ಸುತ್ತ ಬರುತ್ತದೆ. ಪಾಲಿವೈನೈಲ್ ಕಾರ್ಬಜೋಲ್‌ನಲ್ಲಿ ಎರಡು ಬಗೆಯ ಎಕ್ಸೈಮರ್ ಇವೆ. ಉಂಗುರಗಳು ಪೂರ್ತಿ ಒಂದರ ಮೇಲೊಂದು ಕೂತಾಗ 420ರ ಹತ್ತಿರ, ಅರ್ಧಂಬರ್ಧ ಕೂತಾಗ 375ರ ಹತ್ತಿರ. ಅಲ್ಲಿ ರಾಮನ್ ಗೆರೆ ಎಲ್ಲಿ ಬೀಳುತ್ತದೆ ಎಂದು ಲೆಕ್ಕ ಹಾಕಿಯೇ ಒಳಬಿಡುವ ಬೆಳಕಿನ ತರಂಗಾಂತರ ಆರಿಸಿಕೊಳ್ಳಿ.